ಉಸಿರೂ ಇಲ್ಲದ ವೈರಸ್ ನಮ್ಮನ್ನು ಮಲಗಿಸುವುದು ಹೇಗೆ?

ಕುತೂಹಲಿ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ವೈರಸ್ ಉಸಿರಾಡುವುದಿಲ್ಲ, ತಿನ್ನುವುದಿಲ್ಲ, ತಾನಾಗಿ ಚಲಿಸುವುದೂ ಇಲ್ಲ. ನಮ್ಮ ದೇಹದಲ್ಲಿ ನೋಡಿದರೆ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಅಂಥ ದೇಹವನ್ನು ಕಣ್ಣಿಗೇ ಕಾಣದ ಕಣವೊಂದು ಹಾಸಿಗೆ ಹಿಡಿಸುವುದು ಹೇಗೆ? ಅದು ವಿಷ ಬಿಡುತ್ತದೆಯಾ? ಜೀವಕೋಶಗಳನ್ನು ತಿಂದುಹಾಕುತ್ತದೆಯಾ?

ಇನ್ನೊಂದು. ಒಂದೇ ವೈರಸ್ ತಗುಲಿದ ಇಬ್ಬರಲ್ಲಿ ಒಬ್ಬರಿಗೆ ಗೊತ್ತೇ ಆಗುವುದಿಲ್ಲ, ಇನ್ನೊಬ್ಬರು ಐಸಿಯು ಸೇರುತ್ತಾರೆ. ಇದು ಯಾಕೆ? ‘ಇಮ್ಯೂನಿಟಿ ಕಡಿಮೆ’ ಅನ್ನುವ ಒಂದೇ ಸಾಲಿನ ಉತ್ತರ ಎಲ್ಲ ಕಡೆ ಸಿಗುತ್ತದೆ. ಅದರಿಂದ ನನಗೆ ಸಮಾಧಾನ ಆಗಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಸೂಕ್ಷ್ಮದರ್ಶಿ
ನಾನು ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವಳು. ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಹಾಗಾಗಿ ಉತ್ತರ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಮೊದಲು ವಿಷದ ಮಾತು. ಧನುರ್ವಾಯು ತರುವ ಬ್ಯಾಕ್ಟೀರಿಯಾ ನಿಜವಾಗಿಯೂ ವಿಷ ತಯಾರಿಸುತ್ತದೆ. ವೈರಸ್‌ಗಳಲ್ಲಿ ಇದು ಅಪರೂಪ. ಮಕ್ಕಳಿಗೆ ಭೇದಿ ತರುವ ರೋಟಾವೈರಸ್‌ನ ಒಂದು ಪ್ರೋಟೀನ್ ಕರುಳಿನ ಮೇಲೆ ವಿಷದ ಹಾಗೆ ಕೆಲಸ ಮಾಡುತ್ತದೆ. ಅಂಥವು ಬಹಳ ಕಡಿಮೆ.

ವೈರಸ್ ಅಂದರೆ ಮುಖ್ಯವಾಗಿ ಎರಡೇ ವಸ್ತು. ಒಳಗೆ ಡಿಎನ್‌ಎ ಅಥವಾ ಆರ್‌ಎನ್‌ಎ ರೂಪದಲ್ಲಿರುವ ಮಾಹಿತಿ, ಅದರ ಸುತ್ತ ಪ್ರೋಟೀನಿನ ಕವಚ. ಕೆಲವಕ್ಕೆ ಇದರ ಮೇಲೆ ಕೊಬ್ಬಿನ ಪೊರೆಯೂ ಇರುತ್ತದೆ. ಆ ಪೊರೆ ಅದರ ಸ್ವಂತದ್ದಲ್ಲ, ಹೊರಬರುವಾಗ ನಮ್ಮ ಜೀವಕೋಶದಿಂದಲೇ ಎತ್ತಿಕೊಂಡು ಬಂದದ್ದು. ಶಕ್ತಿ ಉತ್ಪಾದಿಸುವ, ಪ್ರೋಟೀನ್ ಕಟ್ಟುವ ವ್ಯವಸ್ಥೆ ಅದರಲ್ಲಿ ಇಲ್ಲವೇ ಇಲ್ಲ. ಫ್ಲೂ ವೈರಸ್ ಸುಮಾರು 100 ನ್ಯಾನೋಮೀಟರ್ ಅಗಲ. ಹತ್ತು ಸಾವಿರ ವೈರಸ್‌ಗಳನ್ನು ಒತ್ತೊತ್ತಾಗಿ ಸಾಲು ನಿಲ್ಲಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಪೋಲಿಯೊ ವೈರಸ್ ಇನ್ನೂ ಸಣ್ಣದು, ಸುಮಾರು 30 ನ್ಯಾನೋಮೀಟರ್.

ಈ ಸಣ್ಣ ಗಾತ್ರದಿಂದಲೇ ವೈರಸ್ ಮೊದಲು ಸುಳಿವು ಕೊಟ್ಟದ್ದು. 1892ರಲ್ಲಿ ದಿಮಿತ್ರಿ ಇವನೋವ್ಸ್ಕಿ ರೋಗ ಬಂದ ತಂಬಾಕು ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿ ಫಿಲ್ಟರ್‌ನಲ್ಲಿ ಸೋಸಿದರು. ಸೋಸಿದ ರಸವೂ ರೋಗ ಹರಡಿತು. 1898ರಲ್ಲಿ ಬೈಯರಿಂಕ್ ಇದೇ ಪ್ರಯೋಗ ಮಾಡಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ ರೋಗಕಾರಕ ಜೀವಂತ ಗಿಡದ ಅಂಗಾಂಶದಲ್ಲಿ ಮಾತ್ರ ಹೆಚ್ಚುತ್ತದೆ, ಬರೀ ರಸದಲ್ಲಿ ಬೆಳೆಯುವುದಿಲ್ಲ ಅಂತ ತೋರಿಸಿದರು. ನಿಮ್ಮ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲಿಂದ. ವೈರಸ್ ಏನೇ ಮಾಡಬೇಕಿದ್ದರೂ ಜೀವಕೋಶದ ಒಳಗೆ ಹೋಗಬೇಕು. ಕಾಯಿಲೆ ಎಂಥದ್ದು ಅನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ: ಅದು ಯಾವ ಕೋಶಕ್ಕೆ ಹೋಗಬಲ್ಲದು, ಒಳಗೆ ಏನು ಮಾಡುತ್ತದೆ, ಅದಕ್ಕೆ ನಮ್ಮ ದೇಹ ಹೇಗೆ ತಿರುಗಿ ಬೀಳುತ್ತದೆ. ಮೂರನೆಯದನ್ನು ಜನ ಬಹಳ ಕಡೆಗಣಿಸುತ್ತಾರೆ.

ಪಯಣಿಗ
ಮೇಡಂ, ಯಾವ ಕೋಶಕ್ಕೆ ಹೋಗಬೇಕು ಅಂತ ವೈರಸ್‌ಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ.

ಸೂಕ್ಷ್ಮದರ್ಶಿ
ಗೊತ್ತಾಗುವುದಿಲ್ಲ. ಸುಮ್ನೆ ಎಲ್ಲೆಲ್ಲೋ ಬಡಿಯುತ್ತಾ ಇರುತ್ತದೆ. ಅದರ ಮೈಮೇಲಿನ ಪ್ರೋಟೀನಿಗೆ ಹೊಂದುವ ಅಣು ಯಾವ ಕೋಶದ ಮೇಲಿದೆಯೋ ಅಲ್ಲಿ ಅಂಟಿಕೊಳ್ಳುತ್ತದೆ. ಬೀಗಕ್ಕೆ ಸರಿಯಾದ ಕೀಲಿಕೈ ಕೂತ ಹಾಗೆ. ಆ ಅಣುಗಳನ್ನು ಗ್ರಾಹಕ ಅನ್ನುತ್ತಾರೆ. ಎಚ್‌ಐವಿಗೆ ಬೇಕಾದದ್ದು ಸಿಡಿ4 ಅನ್ನುವ ಅಣು. ಅದು ಮುಖ್ಯವಾಗಿ ಒಂದು ಬಗೆಯ ಬಿಳಿ ರಕ್ತಕಣಗಳ ಮೇಲಿದೆ. ಅದಕ್ಕೇ ಎಚ್‌ಐವಿ ನಮ್ಮ ರಕ್ಷಣಾ ವ್ಯವಸ್ಥೆಯನ್ನೇ ಕೆಡವುತ್ತದೆ. ಕೋವಿಡ್ ವೈರಸ್‌ಗೆ ಬೇಕಾದದ್ದು ಎಸಿಇ2 ಅನ್ನುವ ಗ್ರಾಹಕ.

ಗ್ರಾಹಕ ಇಲ್ಲದಿದ್ದರೆ ವೈರಸ್‌ಗೆ ದಾರಿಯೇ ಇಲ್ಲ. ಎಚ್‌ಐವಿಗೆ ಸಿಡಿ4 ಜೊತೆಗೆ ಸಿಸಿಆರ್5 ಅನ್ನುವ ಇನ್ನೊಂದು ಪ್ರೋಟೀನೂ ಸಾಮಾನ್ಯವಾಗಿ ಬೇಕು. ಅಪ್ಪ ಅಮ್ಮ ಇಬ್ಬರಿಂದಲೂ ಈ ಜೀನ್‌ನ ಮುರಿದ ಪ್ರತಿ ಬಂದ ಕೆಲವರು ಇದ್ದಾರೆ. ಅವರಿಗೆ ಎಚ್‌ಐವಿ ತಗುಲುವುದು ಬಹಳ ಬಹಳ ಅಪರೂಪ. ಕುತೂಹಲಿ ಅವರೇ, ‘ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ’ ಅನ್ನುವುದಕ್ಕೆ ಇದೊಂದು ಕಾರಣ.

ಇನ್ನು ಒಳಗೆ ಏನಾಗುತ್ತದೆ ಅಂತ ಫ್ಲೂ ವೈರಸ್ಸನ್ನೇ ಹಿಡಿದು ಹತ್ತಿರದಿಂದ ನೋಡೋಣ. ಗಂಟಲು, ಶ್ವಾಸನಾಳದ ಕೋಶಗಳ ಮೇಲೆ ಸಿಯಾಲಿಕ್ ಆಮ್ಲ ಅನ್ನುವ ಸಕ್ಕರೆಯ ತುಣುಕುಗಳಿರುತ್ತವೆ. ಫ್ಲೂ ವೈರಸ್‌ನ ಮೈಮೇಲಿನ ಮುಳ್ಳು, ಅಂದರೆ ಹೀಮಗ್ಲುಟಿನಿನ್ ಪ್ರೋಟೀನ್, ಅದಕ್ಕೆ ಅಂಟುತ್ತದೆ. ಕೋಶ ಅದನ್ನು ಪುಟ್ಟ ಗುಳ್ಳೆಯೊಳಗೆ ನುಂಗಿಕೊಳ್ಳುತ್ತದೆ. ನುಂಗಿದ್ದನ್ನು ಕರಗಿಸಲು ಗುಳ್ಳೆಯೊಳಗೆ ಆಮ್ಲ ಹೆಚ್ಚುವುದು ಕೋಶದ ದಿನನಿತ್ಯದ ಕೆಲಸ. ವೈರಸ್ ಕಾಯುತ್ತಿರುವುದು ಅದಕ್ಕೇ. ಆಮ್ಲ ತಾಗಿದ ಕೂಡಲೇ ಹೀಮಗ್ಲುಟಿನಿನ್ ಆಕಾರ ಬದಲಿಸಿ ಗುಳ್ಳೆಯ ಗೋಡೆಗೆ ಚುಚ್ಚಿಕೊಂಡು, ಎರಡು ಪೊರೆಗಳನ್ನೂ ಒಂದಾಗಿ ಬೆಸೆಯುತ್ತದೆ. ವೈರಸ್‌ನ ಎಂಟು ಆರ್‌ಎನ್‌ಎ ತುಂಡುಗಳು ಹೊರಬಿದ್ದು ಕೋಶಕೇಂದ್ರಕ್ಕೆ ಹೋಗುತ್ತವೆ.

ಮುಂದಿನದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಭಾಗ. ನಮ್ಮ ಕೋಶ ಯಾವ ಆರ್‌ಎನ್‌ಎಯನ್ನು ಓದಿ ಪ್ರೋಟೀನ್ ಮಾಡಬೇಕು ಅಂತ ಗುರುತಿಸುವುದು ಅದರ ತುದಿಯಲ್ಲಿರುವ ಒಂದು ಸಣ್ಣ ಟೋಪಿಯಿಂದ. ಫ್ಲೂ ವೈರಸ್‌ಗೆ ಆ ಟೋಪಿ ಮಾಡಲು ಬರುವುದಿಲ್ಲ. ಅದು ಕೋಶದ ಆರ್‌ಎನ್‌ಎಗಳ ಟೋಪಿಯನ್ನು ಕತ್ತರಿಸಿ ತನ್ನ ಆರ್‌ಎನ್‌ಎಗೆ ಜೋಡಿಸಿಕೊಳ್ಳುತ್ತದೆ. ಒಂದೇ ಏಟಿಗೆ ಎರಡು ಕೆಲಸ: ಕೋಶದ ಸಂದೇಶ ಹಾಳಾಯಿತು, ತನ್ನದು ಓದಿಸಿಕೊಂಡಿತು. ಆಮೇಲೆ ಕೋಶದ ಯಂತ್ರಗಳೇ ವೈರಸ್‌ನ ಪ್ರೋಟೀನ್‌ಗಳನ್ನು ಕಟ್ಟುತ್ತವೆ. ಹೊಸ ವೈರಸ್‌ಗಳು ಪೊರೆ ಹೊದ್ದು ಹೊರಬರುತ್ತವೆ. ಆದರೆ ಕೋಶದ ಮೇಲಿನ ಅದೇ ಸಿಯಾಲಿಕ್ ಆಮ್ಲಕ್ಕೆ ಮತ್ತೆ ಅಂಟಿ ನಿಲ್ಲುತ್ತವೆ. ಆ ಅಂಟು ಕತ್ತರಿಸಲು ನ್ಯೂರಾಮಿನಿಡೇಸ್ ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಎಚ್1ಎನ್1 ಅನ್ನುವ ಹೆಸರಿನಲ್ಲಿರುವ ಎಚ್ ಮತ್ತು ಎನ್ ಈ ಎರಡೇ. ಒಸೆಲ್ಟಾಮಿವಿರ್ ಮಾತ್ರೆ ನ್ಯೂರಾಮಿನಿಡೇಸ್ ಕೆಲಸವನ್ನು ತಡೆಯುತ್ತದೆ, ಹುಟ್ಟಿದ ವೈರಸ್ ಅಲ್ಲೇ ಅಂಟಿಕೊಂಡು ಉಳಿಯುತ್ತದೆ.

ನೀಲಿಹಕ್ಕಿ
ಎಷ್ಟು ಚೆನ್ನಾಗಿ ಹೇಳಿದಿರಿ! ಹಾಗಾದರೆ ಕೋಶಗಳು ಸತ್ತದ್ದರಿಂದಲೇ ನಮಗೆ ಜ್ವರ, ಮೈಕೈ ನೋವು ಬರುವುದಾ?

ಸೂಕ್ಷ್ಮದರ್ಶಿ
ಅಷ್ಟೇ ಅಲ್ಲ. ಕೋಶ ಸಾಯುವುದೇ ಕಾಯಿಲೆ ಆಗುವ ಸಂದರ್ಭಗಳೂ ಇವೆ. ಪೋಲಿಯೊ ವೈರಸ್ ಬೆನ್ನುಹುರಿಯ ನರಕೋಶಗಳನ್ನು ಕೊಂದರೆ ಆ ನರ ನಡೆಸುತ್ತಿದ್ದ ಸ್ನಾಯು ನಿಂತುಹೋಗುತ್ತದೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ.

ಆದರೆ ನೆಗಡಿಯನ್ನು ನೋಡಿ. ನೆಗಡಿ ತರುವ ರೈನೋವೈರಸ್ ಮೂಗಿನ ಒಳಪದರಕ್ಕೆ ಮಾಡುವ ಹಾನಿ ಬಹಳ ಕಡಿಮೆ. ಮೂಗು ಸೋರುವುದು, ಗಂಟಲು ಕೆರೆಯುವುದು ಹೆಚ್ಚಾಗಿ ನಮ್ಮ ದೇಹದ ರಾಸಾಯನಿಕಗಳಿಂದ. ಅವುಗಳಲ್ಲಿ ಒಂದಾದ ಬ್ರಾಡಿಕಿನಿನ್ ಅನ್ನು ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ಸಿಂಪಡಿಸಿ ನೋಡಿದ್ದಾರೆ. ವೈರಸ್ ಇಲ್ಲದೆಯೇ ಮೂಗು ಸೋರಿತು, ಗಂಟಲು ನೋವು ಬಂತು.

ಜ್ವರದ ಕಥೆಯೂ ಹೀಗೇ. ವೈರಸ್ ಹೊಕ್ಕ ಕೋಶ ಸುಮ್ಮನೆ ಸಾಯುವುದಿಲ್ಲ. ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಬಿಡುಗಡೆ ಮಾಡಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮಾನ್ ಇದನ್ನು ಕಂಡುಹಿಡಿದರು. ಎಚ್ಚರಿಕೆ ಸಿಕ್ಕ ಕೋಶಗಳು ಪ್ರೋಟೀನ್ ತಯಾರಿಕೆಯನ್ನೇ ತಗ್ಗಿಸಲು, ಅಪರಿಚಿತ ಆರ್‌ಎನ್‌ಎಯನ್ನು ಕತ್ತರಿಸಲು ಸಜ್ಜಾಗುತ್ತವೆ. ಇಂಟರ್‌ಫೆರಾನ್ ಜೊತೆ ಬಿಡುಗಡೆಯಾಗುವ ಇತರ ಸಂಕೇತಗಳು ಮಿದುಳಿನ ತಾಪ ನಿಯಂತ್ರಿಸುವ ಭಾಗದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕವನ್ನು ಹೆಚ್ಚಿಸುತ್ತವೆ. ಅದರಿಂದ ಜ್ವರ. ಸುಸ್ತು, ಹಸಿವಾಗದಿರುವುದು, ಮೈಕೈ ನೋವು ಎಲ್ಲ ಇದೇ ಸಂಕೇತಗಳ ಕೆಲಸ. ಇಂಟರ್‌ಫೆರಾನ್ ಔಷಧಿಯಾಗಿ ತೆಗೆದುಕೊಂಡವರಿಗೆ ಯಾವ ಫ್ಲೂ ಇಲ್ಲದಿದ್ದರೂ ಫ್ಲೂ ಬಂದ ಹಾಗೇ ಆಗುತ್ತದೆ.

ಕುತೂಹಲಿ
ಅಂದರೆ ಇಮ್ಯೂನಿಟಿ ಜಾಸ್ತಿ ಆದರೂ ತೊಂದರೆ, ಕಡಿಮೆ ಆದರೂ ತೊಂದರೆ. ಹಾಗಿದ್ದರೆ ಐಸಿಯು ಸೇರಿದವರಲ್ಲಿ ಆಗಿದ್ದೇನು?

ಸೂಕ್ಷ್ಮದರ್ಶಿ
‘ಜಾಸ್ತಿ, ಕಡಿಮೆ’ ಅಂತ ಒಂದೇ ಅಳತೆಯಲ್ಲಿ ನೋಡಿದರೆ ದಾರಿ ತಪ್ಪುತ್ತೇವೆ. ಯಾವ ಅಸ್ತ್ರ, ಯಾವ ಹೊತ್ತಿಗೆ ಅನ್ನುವುದು ಮುಖ್ಯ. ಕೋವಿಡ್‌ನಲ್ಲಿ ಇದಕ್ಕೆ ಸ್ಪಷ್ಟ ಸಾಕ್ಷಿ ಸಿಕ್ಕಿತು. ಪ್ರಾಣಾಪಾಯದ ನ್ಯುಮೋನಿಯಾ ಆದವರಲ್ಲಿ ಕನಿಷ್ಠ ಹತ್ತರಲ್ಲಿ ಒಬ್ಬರಿಗೆ ತಮ್ಮದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಆಂಟಿಬಾಡಿಗಳು (ರೋಗಾಣುವಿಗೆ ಅಂಟಿ ತಡೆಯಲು ದೇಹ ಮಾಡುವ ಪ್ರೋಟೀನ್‌ಗಳು) ಇದ್ದವು ಅಂತ 2020ರಲ್ಲಿ ಗೊತ್ತಾಯಿತು. ಶುರುವಿನ ಎಚ್ಚರಿಕೆ ಅವರಲ್ಲಿ ಕೆಲಸ ಮಾಡಲಿಲ್ಲ. ವೈರಸ್ ಎಲ್ಲೆಂದರಲ್ಲಿ ಬೆಳೆಯಿತು. ತಡವಾಗಿ ಎದ್ದ ಉರಿಯೂತ ಶ್ವಾಸಕೋಶವನ್ನೇ ಕೆಡಿಸಿತು.

ಡೆಂಗಿ ಇನ್ನೂ ವಿಚಿತ್ರ. ಅದರಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಆದರೆ ಬೇರೆ ಬಗೆ ಬಂದಾಗ ಹಳೆಯ ಆಂಟಿಬಾಡಿ ವೈರಸ್‌ಗೆ ಅಂಟಿಕೊಳ್ಳುತ್ತದೆ, ಅದನ್ನು ತಡೆಯುವಷ್ಟು ಗಟ್ಟಿಯಾಗಿ ಅಲ್ಲ. ಆಂಟಿಬಾಡಿ ಅಂಟಿದ ವಸ್ತುವನ್ನು ನುಂಗುವುದು ಕೆಲವು ಬಿಳಿ ರಕ್ತಕಣಗಳ ಸ್ವಭಾವ. ಡೆಂಗಿ ವೈರಸ್ ಬೆಳೆಯುವುದು ಅವೇ ಕಣಗಳ ಒಳಗೆ! ಎರಡನೇ ಸಲದ ಡೆಂಗಿ ಹೆಚ್ಚು ಅಪಾಯ ಅನ್ನುವುದಕ್ಕೆ ಇದು ಮುಖ್ಯ ಕಾರಣ.

ಇನ್ನೊಂದು ಮಾತು, ದಯವಿಟ್ಟು ಎಲ್ಲರೂ ನೆನಪಿಟ್ಟುಕೊಳ್ಳಿ. ಡೆಂಗಿಯಲ್ಲಿ ರಕ್ತನಾಳದಿಂದ ದ್ರವ ಸೋರುವ ಅಪಾಯದ ಹೊತ್ತು ಬರುವುದು ಹೆಚ್ಚಾಗಿ ಜ್ವರ ಇಳಿಯುವಾಗ. ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತಿರುತ್ತದೆ, ರೋಗಿ ಕುಸಿಯುತ್ತಿರುತ್ತಾರೆ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪಶುಮಿತ್ರ
ನಾನು ಪಶುವೈದ್ಯ. ಯಾವ ಕೋಶಕ್ಕೆ ಹೋಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ ಅನ್ನುವುದಕ್ಕೆ ರೇಬೀಸ್‌ಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ನಾಯಿ ಕಚ್ಚಿದ ಜಾಗದಲ್ಲಿ ವೈರಸ್ ಮೊದಲು ಸ್ನಾಯುವಿನಲ್ಲಿ ಇರುತ್ತದೆ. ಅಲ್ಲಿಂದ ನರದ ತುದಿಗೆ ಸೇರುತ್ತದೆ. ನರಕೋಶ ತನ್ನ ಸಾಮಾನು ಸಾಗಿಸಲು ಇಟ್ಟುಕೊಂಡಿರುವ ವ್ಯವಸ್ಥೆಯನ್ನೇ ಹಿಡಿದು ಬೆನ್ನುಹುರಿ, ಆಮೇಲೆ ಮಿದುಳು ತಲುಪುತ್ತದೆ. ರಕ್ತದಲ್ಲಿ ಓಡಾಡುವುದಿಲ್ಲವಾದ್ದರಿಂದ ರಕ್ಷಣಾ ವ್ಯವಸ್ಥೆಗೆ ಸುಳಿವು ಸಿಗುವುದೇ ಕಡಿಮೆ. ಈ ಪಯಣಕ್ಕೆ ಸಾಮಾನ್ಯವಾಗಿ 1ರಿಂದ 3 ತಿಂಗಳು ಬೇಕು. ಮುಖ, ಕುತ್ತಿಗೆಗೆ ಕಚ್ಚಿದ್ದರೆ ಬೇಗ ತಲುಪಬಹುದು.

ಮಿದುಳಿನಿಂದ ಮತ್ತೆ ಜೊಲ್ಲು ಗ್ರಂಥಿಗೆ ಇಳಿಯುತ್ತದೆ. ಒಂದು ಕಡೆ ಪ್ರಾಣಿ ಕೆರಳಿ ಕಚ್ಚುತ್ತದೆ, ಇನ್ನೊಂದು ಕಡೆ ಜೊಲ್ಲಿನ ತುಂಬ ವೈರಸ್. ಸತ್ತವರ ಮಿದುಳು ನೋಡಿದರೆ ಅಷ್ಟೊಂದು ನರಕೋಶಗಳು ಸತ್ತಿರುವುದೂ ಇಲ್ಲ. ಕೋಶ ಉಳಿದಿರುತ್ತದೆ, ಕೆಲಸ ಕೆಟ್ಟಿರುತ್ತದೆ.

ಲಕ್ಷಣ ಶುರುವಾದರೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಕಚ್ಚಿದ ಮೇಲೂ ಲಸಿಕೆ ಕೆಲಸ ಮಾಡುವುದು ವೈರಸ್ ನಿಧಾನವಾಗಿ ಸಾಗುವುದರಿಂದ. ಗಾಯವನ್ನು ಕೂಡಲೇ ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ರೇಬೀಸ್ ವೈರಸ್‌ಗೆ ಕೊಬ್ಬಿನ ಪೊರೆ ಇದೆ, ಸೋಪು ಅದನ್ನು ಒಡೆಯುತ್ತದೆ. ಆಮೇಲೆ ತಡಮಾಡದೆ ವೈದ್ಯರ ಹತ್ತಿರ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು, ಚರ್ಮ ಹರಿದು ಗಾಯ ಆಗಿದ್ದರೆ ಇಮ್ಯುನೋಗ್ಲಾಬುಲಿನ್ (ಸಿದ್ಧ ಆಂಟಿಬಾಡಿಗಳ ಚುಚ್ಚುಮದ್ದು) ಕೂಡ ಬೇಕು. ‘ಚಿಕ್ಕ ಗಾಯ, ನೋಡೋಣ’ ಅಂತ ಕಾದವರನ್ನು ಕಳೆದುಕೊಂಡ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಕಾಯಬೇಡಿ.

ಹೊಸಓದು
ಒಂದು ಅನುಮಾನ. ಹೋಸ್ಟ್, ಅಂದರೆ ವೈರಸ್ ಹೊಕ್ಕ ಜೀವಿ, ಸತ್ತರೆ ವೈರಸ್‌ಗೂ ನಷ್ಟ ಅಲ್ವಾ? ಅದಕ್ಕೇ ಎಲ್ಲ ವೈರಸ್‌ಗಳೂ ಕಾಲ ಕಳೆದಂತೆ ಸೌಮ್ಯ ಆಗುತ್ತವೆ ಅಂತ ಓದಿದ್ದೆ.

ಪಶುಮಿತ್ರ
ಈ ಮಾತನ್ನು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ರೇಬೀಸೇ ಇದಕ್ಕೆ ಉತ್ತರ. ಸಾಯುವ ಮುಂಚೆ ಇನ್ನೊಂದು ಪ್ರಾಣಿಗೆ ದಾಟಿದರೆ ವೈರಸ್‌ಗೆ ಅಷ್ಟೇ ಸಾಕು. ಸಿಡುಬು ಸಾವಿರಾರು ವರ್ಷ ಮನುಷ್ಯರಲ್ಲೇ ಇತ್ತು. ಕೊನೆಯ ಶತಮಾನದಲ್ಲೂ ಅದರ ತೀವ್ರ ಬಗೆ ತಗುಲಿದ ಹತ್ತರಲ್ಲಿ ಸುಮಾರು ಮೂವರನ್ನು ಕೊಲ್ಲುತ್ತಿತ್ತು. ಅದು ಹೋಗಿದ್ದು ತಾನಾಗಿ ಮೆತ್ತಗಾಗಿ ಅಲ್ಲ, ಲಸಿಕೆಯಿಂದ. ಸಹಜವಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ಕಂಡಿತು, 1980ರಲ್ಲಿ ನಿರ್ಮೂಲನೆ ಆಯಿತು ಅಂತ ಘೋಷಿಸಿದರು.

ಸೂಕ್ಷ್ಮದರ್ಶಿ
ಹೊಸಓದು ಅವರು ಓದಿದ್ದಕ್ಕೂ ಒಂದು ಮೂಲ ಇದೆ. ಆಸ್ಟ್ರೇಲಿಯಾದಲ್ಲಿ 1950ರಲ್ಲಿ ಮೊಲಗಳ ಕಾಟ ತಡೆಯಲು ಮಿಕ್ಸೋಮಾ ವೈರಸ್ ಬಿಟ್ಟರು. ಮೊದಲಿಗೆ ಅದು ತಗುಲಿದ ಮೊಲಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚನ್ನು ಕೊಂದಿತು. ಕೆಲವೇ ವರ್ಷಗಳಲ್ಲಿ ಸ್ವಲ್ಪ ಸೌಮ್ಯ ತಳಿಗಳು ಮುಂದೆ ಬಂದವು. ಕಾರಣ, ಅದನ್ನು ಹರಡುವುದು ಮುಖ್ಯವಾಗಿ ಸೊಳ್ಳೆ, ಚಿಗಟ. ಬೇಗ ಸತ್ತ ಮೊಲದಿಂದ ಅವು ವೈರಸ್ ಹೊತ್ತೊಯ್ಯಲು ಸಮಯ ಸಿಗುತ್ತಿರಲಿಲ್ಲ. ಆದರೆ ತೀರಾ ಸೌಮ್ಯ ತಳಿಗಳೂ ಗೆಲ್ಲಲಿಲ್ಲ, ಯಾಕಂದ್ರೆ ಅವು ಚರ್ಮದಲ್ಲಿ ಸಾಕಷ್ಟು ಬೆಳೆಯುತ್ತಿರಲಿಲ್ಲ. ಗೆದ್ದದ್ದು ನಡುವಿನವು. ಹರಡಲು ಯಾವುದು ಅನುಕೂಲವೋ ಅದು ಉಳಿಯುತ್ತದೆ. ಕೆಲವೊಮ್ಮೆ ಅದು ಸೌಮ್ಯ ದಾರಿ, ಕೆಲವೊಮ್ಮೆ ಅಲ್ಲ. ಸುಮ್ಮನಿದ್ದರೆ ತಾನಾಗಿ ಸರಿಹೋಗುತ್ತದೆ ಅಂತ ನಂಬಿ ಕೂರುವುದು ಅಪಾಯ.

ನೀಲಿಹಕ್ಕಿ
ಮೊನ್ನೆ ಮಗಳಿಗೆ ಜೋರು ನೆಗಡಿ. ಡಾಕ್ಟರ್ ಆಂಟಿಬಯೋಟಿಕ್ ಬೇಡ ಅಂದರು. ವೈರಸ್‌ಗೆ ಅದು ಯಾಕೆ ನಾಟುವುದಿಲ್ಲ? ಇನ್ನೊಂದು, ಅಮ್ಮನಿಗೆ ಸರ್ಪಸುತ್ತು ಬಂದಿದೆ. ಚಿಕ್ಕವರಿದ್ದಾಗ ಬಂದಿದ್ದ ಚಿಕನ್‌ಪಾಕ್ಸ್ ವೈರಸ್ಸೇ ಇದು ಅಂದರು. ಅಷ್ಟು ವರ್ಷ ಅದು ಎಲ್ಲಿತ್ತು?

ಸೂಕ್ಷ್ಮದರ್ಶಿ
ಡಾಕ್ಟರ್ ಸರಿಯಾಗಿ ಹೇಳಿದ್ದಾರೆ. ಪೆನಿಸಿಲಿನ್ ಹೊಡೆಯುವುದು ಬ್ಯಾಕ್ಟೀರಿಯಾದ ಕೋಶಗೋಡೆಯನ್ನು. ವೈರಸ್‌ಗೆ ಆ ಗೋಡೆಯೇ ಇಲ್ಲ. ವೈರಸ್ ಕೆಲಸ ಮಾಡುವುದು ನಮ್ಮ ಯಂತ್ರಗಳಿಂದ, ಅವನ್ನು ನಿಲ್ಲಿಸಿದರೆ ನಮಗೇ ಏಟು. ಹಾಗಾಗಿ ವೈರಸ್ ತನ್ನದೇ ಅಂತ ತಂದಿರುವ ಒಂದೆರಡು ಪ್ರೋಟೀನ್‌ಗಳನ್ನು ಹುಡುಕಿ ಹಿಡಿಯಬೇಕು.

ಅಮ್ಮನಿಗೆ ಕೊಟ್ಟಿರುವ ಮಾತ್ರೆ ಅಸೈಕ್ಲೋವಿರ್ ಅಥವಾ ಅದರ ಬಳಗದ್ದು ಇರಬಹುದು. ಅದು ಈ ಹುಡುಕಾಟದ ಅದ್ಭುತ ಫಲ. ಮಾತ್ರೆಯಲ್ಲಿ ಅದು ನಿಷ್ಕ್ರಿಯವಾಗಿರುತ್ತದೆ. ಅದನ್ನು ಚುರುಕುಗೊಳಿಸುವ ಮೊದಲ ಹೆಜ್ಜೆ ಮಾಡುವುದು ಥೈಮಿಡಿನ್ ಕೈನೇಸ್ ಅನ್ನುವ ವೈರಸ್‌ನದೇ ಕಿಣ್ವ. ಹಾಗಾಗಿ ವೈರಸ್ ಇರುವ ಕೋಶದಲ್ಲೇ ಔಷಧಿ ಎಚ್ಚರವಾಗುತ್ತದೆ. ಆಮೇಲೆ ಡಿಎನ್‌ಎ ಸರಪಳಿಯೊಳಗೆ ಸೇರಿ ಮುಂದಿನ ಕೊಂಡಿ ಸಿಗದ ಹಾಗೆ ಮಾಡುತ್ತದೆ. ಆರೋಗ್ಯವಾಗಿರುವ ಕೋಶಗಳಿಗೆ ಹೆಚ್ಚು ತೊಂದರೆ ಇಲ್ಲ. ಇಂಥ ಔಷಧಿಗಳ ಹಿಂದಿನ ತತ್ವಗಳಿಗಾಗಿ ಗರ್ಟ್ರೂಡ್ ಎಲಿಯನ್ ಅವರಿಗೆ 1988ರ ನೊಬೆಲ್ ಇನ್ನಿಬ್ಬರ ಜೊತೆ ಬಂತು. ಸರ್ಪಸುತ್ತಿಗೆ ಗುಳ್ಳೆ ಎದ್ದ ಮೂರು ದಿನದೊಳಗೆ ಶುರು ಮಾಡಿದರೆ ಒಳ್ಳೆಯದು.

ಅಷ್ಟು ವರ್ಷ ಆ ವೈರಸ್ ಇದ್ದದ್ದು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ. ಅಲ್ಲಿ ಅದು ಡಿಎನ್‌ಎ ರೂಪದಲ್ಲಿ ತೆಪ್ಪಗೆ ಇರುತ್ತದೆ. ಪ್ರೋಟೀನ್ ಮಾಡದಿದ್ದರೆ ರಕ್ಷಣಾ ವ್ಯವಸ್ಥೆಗೆ ಕಾಣುವುದೇನೂ ಇಲ್ಲ. ವಯಸ್ಸಾದಂತೆ ಕಾವಲು ಸಡಿಲವಾದಾಗ ಎದ್ದು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಗುಳ್ಳೆ ಏಳುವುದು ಅದಕ್ಕೇ.

ಪಯಣಿಗ
ನನ್ನದು ಕೊನೆಯ ಪ್ರಶ್ನೆ, ಸ್ವಂತಕ್ಕೆ ಸಂಬಂಧಿಸಿದ್ದು. ನನಗೆ ಹೆಪಟೈಟಿಸ್ ಬಿ ಇದೆ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಹುಟ್ಟುವಾಗಲೇ ಅಮ್ಮನಿಂದ ಬಂದಿರಬಹುದು ಅಂದರು. ಇಷ್ಟು ವರ್ಷ ಒಂದು ದಿನವೂ ಕಾಮಾಲೆ ಆಗಿಲ್ಲ. ವೈರಸ್ ಇದ್ದೂ ಕಾಯಿಲೆ ಇಲ್ಲದಿರುವುದು ಹೇಗೆ? ನಮ್ಮ ಮನೆಗೆ ಮಗು ಬರುವುದಿದೆ, ಅದಕ್ಕೇ ಕೇಳುತ್ತಿದ್ದೇನೆ. ಹೆಂಡತಿಯ ಪರೀಕ್ಷೆ ಇನ್ನೂ ಆಗಿಲ್ಲ.

ಸೂಕ್ಷ್ಮದರ್ಶಿ
ಮೊದಲು, ಮಗು ಬರುವ ಸುದ್ದಿ ಕೇಳಿ ಸಂತೋಷ ಆಯಿತು. ಗಾಬರಿ ಬೇಡ, ಇದಕ್ಕೆ ಒಳ್ಳೆಯ ದಾರಿ ಇದೆ.

ಹೆಪಟೈಟಿಸ್ ಬಿ ವೈರಸ್ ತಾನಾಗಿ ಲಿವರ್ ಕೋಶವನ್ನು ಕೊಲ್ಲುವುದು ಇಲ್ಲವೆನ್ನುವಷ್ಟು ಕಡಿಮೆ. ಕೊಲ್ಲುವುದು ಸೋಂಕಿತ ಕೋಶಗಳನ್ನು ಗುರುತಿಸುವ ನಮ್ಮ ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು. ದೊಡ್ಡವರಿಗೆ ತಗುಲಿದರೆ ಟಿ ಕೋಶಗಳು ಜೋರಾಗಿ ಎರಗುತ್ತವೆ, ಕಾಮಾಲೆ ಆಗಬಹುದು, ಆದರೆ ಹೆಚ್ಚಿನವರಲ್ಲಿ ವೈರಸ್ ಹತೋಟಿಗೆ ಬರುತ್ತದೆ. ವೈರಸ್ ಶಾಶ್ವತವಾಗಿ ನೆಲೆಸುವುದು ನೂರರಲ್ಲಿ ಐವರಿಗಿಂತ ಕಡಿಮೆ ಜನರಲ್ಲಿ. ಹುಟ್ಟುವಾಗ ತಗುಲಿದ ಮಕ್ಕಳಲ್ಲಿ ಇದು ತಲೆಕೆಳಗು. ಅವರ ರಕ್ಷಣಾ ವ್ಯವಸ್ಥೆ ಎರಗುವುದಿಲ್ಲ, ಕಾಮಾಲೆಯೂ ಆಗುವುದಿಲ್ಲ, ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ವೈರಸ್ ಉಳಿದುಬಿಡುತ್ತದೆ.

ನಿಮಗೆ ಕಾಮಾಲೆ ಆಗದಿರುವುದು ಇದರಿಂದಲೇ ಇರಬಹುದು. ಹಾಗಂತ ಲಿವರ್‌ಗೆ ಏನೂ ಆಗುತ್ತಿಲ್ಲ ಅಂತ ಅಲ್ಲ. ವರ್ಷಗಟ್ಟಲೆ ಸಣ್ಣಗೆ ನಡೆಯುವ ಉರಿಯೂತ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು), ಕ್ಯಾನ್ಸರ್‌ವರೆಗೂ ಹೋಗಬಹುದು. ಲಿವರ್ ವೈದ್ಯರ ಹತ್ತಿರ ನಿಯಮಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಿ. ವೈರಸ್ಸನ್ನು ತಗ್ಗಿಸಿಡುವ ಒಳ್ಳೆಯ ಮಾತ್ರೆಗಳಿವೆ, ಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ. ಪೂರ್ತಿ ತೆಗೆಯುವುದು ಕಷ್ಟ, ಯಾಕಂದ್ರೆ ಅದರ ಡಿಎನ್‌ಎ ಲಿವರ್ ಕೋಶದ ಕೇಂದ್ರದಲ್ಲಿ ಉಂಗುರದ ಆಕಾರದಲ್ಲಿ ಕೂತಿರುತ್ತದೆ. ಮಾತ್ರೆಗಳು ಅಲ್ಲಿಗೆ ಮುಟ್ಟುವುದಿಲ್ಲ. ಹೆಪಟೈಟಿಸ್ ಸಿ ಆರ್‌ಎನ್‌ಎ ವೈರಸ್, ಅದಕ್ಕೆ ಇಂಥ ನೆಲೆ ಇಲ್ಲ. ಹಾಗಾಗಿ ಅದನ್ನು ಈಗ ಕೆಲವು ವಾರಗಳ ಮಾತ್ರೆಯಿಂದಲೇ ನೂರರಲ್ಲಿ 95ಕ್ಕೂ ಹೆಚ್ಚು ಜನರಲ್ಲಿ ಗುಣಪಡಿಸುತ್ತಾರೆ.

ಹೆಂಡತಿಗೆ ಬೇಗ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದಿದ್ದರೆ ಲಸಿಕೆ ಹಾಕಿಸಿ, ಗರ್ಭಿಣಿಯರಿಗೂ ಕೊಡಬಹುದು. ಸೋಂಕು ಇದ್ದರೆ ಹೆರಿಗೆಯ ವೈದ್ಯರಿಗೆ ಈಗಲೇ ತಿಳಿಸಿ. ವೈರಸ್ ಪ್ರಮಾಣ ಜಾಸ್ತಿ ಇದ್ದರೆ ಗರ್ಭಿಣಿಗೆ ಮಾತ್ರೆ ಕೊಡುತ್ತಾರೆ, ಮಗುವಿಗೆ ಲಸಿಕೆಯ ಜೊತೆ ಇಮ್ಯುನೋಗ್ಲಾಬುಲಿನ್ ಸಿದ್ಧವಾಗಿಡುತ್ತಾರೆ. ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಬೀಳಲೇಬೇಕು, ಉಳಿದ ಡೋಸ್‌ಗಳೂ ತಪ್ಪಬಾರದು.

ಪಯಣಿಗ
ತುಂಬಾ ಧನ್ಯವಾದ ಮೇಡಂ. ನಾಳೆ ಬೆಳಗ್ಗೆಯೇ ಇಬ್ಬರೂ ಪರೀಕ್ಷೆಗೆ ಹೋಗುತ್ತೇವೆ.